ಮೂವತ್ತೊಂಬತ್ತನೇ ಮನೆ

ಮೇಡಂ ಅವರ ಬಲಗೈ ತೋರುಬೆರಳಿನ ತುದಿ ಎಡಕ್ಕೆ ಬಾಗಿತ್ತು. ನನ್ನ ಆಫೀಸಿನ ಮೇಜಿನ ಅಂಚಿನ ಮೇಲೆ ಆ ಬೆರಳನ್ನು ಮನುಷ್ಯ ನಡೆದ ಹಾಗೆ ಒಂದೊಂದೇ ಹೆಜ್ಜೆ ನಡೆಸಿಕೊಂಡು ಹೋಗಿ ಮೂವತ್ತೆಂಟಕ್ಕೆ ನಿಲ್ಲಿಸಿದರು. ಮೂವತ್ತೊಂಬತ್ತು ಎಂದು ಹೇಳಿದ್ದವರೂ ಅವರೇ. ಒಂದು ಕಡಿಮೆ ಬಂತಲ್ಲ ಎಂದು ನಾನು ಎರಡು ಸಾವಿರ ಮುರಿದುಕೊಂಡೆ. ನಲವತ್ತು ಸಾವಿರ ಕೇಳಿದ್ದ ಕೆಲಸವನ್ನು ಆಗಲೇ ಇಪ್ಪತ್ತೆಂಟಕ್ಕೆ ಇಳಿಸಿದ್ದೆ. ಕೊನೆಗೆ ಇಪ್ಪತ್ತಾರಕ್ಕೆ ಮುಗಿಯಿತು. ಮನೆಗೆ ಹೋಗಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ನೆನಪಿದೆ.

ಏರ್‌ಪೋರ್ಟ್ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಇನ್ನೊಬ್ಬರ ಕಾರು ಓಡಿಸುತ್ತಿದ್ದ ನಾನು ಹನ್ನೊಂದು ಕಾರುಗಳ ಮಾಲೀಕನಾಗಿದ್ದೆ. ದೇವನಹಳ್ಳಿಯಲ್ಲಿ ಮಹಡಿ ಮೇಲೊಂದು ರೂಮು, ಅದೇ ಆಫೀಸು. ಬುಕಿಂಗ್ ಬಂದ ಕೂಡಲೇ ಹತ್ತಿರ ಇರುವ ಕಾರಿಗೆ ತಾನಾಗಿ ಹೋಗಬೇಕು, ನಾನು ಫೋನಿನಲ್ಲಿ ಕಿರುಚುವುದು ತಪ್ಪಬೇಕು ಎಂದು ಆಸೆ. ಅದಕ್ಕೆ ಪ್ರೋಗ್ರಾಂ ಬರೆದುಕೊಡಲು ಒಪ್ಪಿದವರು ಅದೇ ಬೀದಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಮೇಡಂ. ಐವತ್ತು ದಾಟಿದ ಒಂಟಿ ಹೆಂಗಸು. ಏರ್‌ಪೋರ್ಟಿನ ಕಾಂಪೌಂಡಿನೊಳಗೆ ಸೇರಿಹೋದ ಒಂದು ಸಣ್ಣ ಊರಿನವರು; ಆ ಊರಿನ ಜನ ಸುತ್ತಲ ಹಳ್ಳಿಗಳಿಗೆ ಚೆದುರಿಹೋಗಿದ್ದರು. ಪಾಠ ಹೇಳುವಾಗ ತಲೆ ಮೇಲೆ ವಿಮಾನ ಬಂದರೆ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದರು. ಸದ್ದು ಪೂರ್ತಿ ಅಡಗಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ಹುಡುಗರಿಗೆ ಅವರು ದಿನಾ ಹೇಳುತ್ತಿದ್ದದ್ದು ಒಂದೇ ಮಾತು: "ಶುರು ಆಮೇಲೆ ಬರೀರಿ, ನಿಲ್ಲೋ ಜಾಗ ಮೊದಲು ಬರೀರಿ."

ಪ್ರೋಗ್ರಾಂ ತೋರಿಸಲು ಬಂದ ದಿನ ನಾನು ಕೊಕ್ಕೆ ಹಾಕಿದೆ.

"ಕೊಳ್ಳೋ ಮುಂಚೆ ಓಡ್ಸಿ ನೋಡ್ಬೇಕಲ್ಲ ಮೇಡಂ. ಗಿರಾಕಿನೇ ಇಲ್ದೆ ಹೆಂಗೆ ತೋರಿಸ್ತೀರಿ?"

"ಗಿರಾಕಿಗಳನ್ನ ನಾನೇ ಹುಟ್ಟಿಸ್ತೀನಿ ಕಣಪ್ಪ. ನಾಲ್ಕು ಮಾತು ಹೇಳಿದ್ರೆ ಸಾಕು. ಎಲ್ಲಿಂದ ಶುರು, ಎಲ್ಲಿವರೆಗೆ, ಮುಂದಿನದಕ್ಕೆ ಹೆಂಗೆ ಹೋಗೋದು, ಪ್ರತಿ ಸಲ ಕೈಗೆ ಏನು ಕೊಡೋದು."

"ಅದು ಬರೀ ಲೂಪ್ ಅಲ್ವಾ, ಒಂದೇ ಕೆಲಸ ಮತ್ತೆ ಮತ್ತೆ ಮಾಡ್ಸೋದು? ನನ್ನ ಮಗಳು ಸ್ಕೂಲಲ್ಲೇ ಬರೀತಾಳೆ."

ಅವರು ನಕ್ಕರು. "ಬರೀ ಲೂಪ್ ಆದ್ರೆ ಮೂವತ್ತೊಂಬತ್ತು ಮನೇನೂ ಒಟ್ಟಿಗೆ ತಂದು ನಿನ್ನ ಮೇಜಿನ ಮೇಲೆ ಸುರಿದುಬಿಡುತ್ತೆ. ಇದನ್ನ ಸ್ಟ್ರೀಮ್ ಅಂತಾರೆ. ಒಳಗೆ ಲೂಪೇ ಇರೋದು, ಆದ್ರೆ ಕೇಳೋರು ಬಂದು ಕೂರೋವರೆಗೂ ಒಂದು ಹನೀನೂ ಹರಿಯಲ್ಲ. ಕೂತ್ರೆ ಒಂದೊಂದೇ ಬರುತ್ತೆ. ಎದ್ದು ಹೋದ್ರೆ ನಿಂತ್ಹೋಗುತ್ತೆ. ಮತ್ತೆ ಯಾರಾದ್ರೂ ಕೂತ್ರೆ ಮೊದಲನೇ ಮನೆಯಿಂದಾನೇ ಶುರು."

"ಯಾವ ಮನೆ ಮೇಡಂ?"

"ಗಿರಾಕಿಗಳಿಗೆ ಹೆಸರು ಬೇಕಲ್ಲಪ್ಪ. ನಮ್ಮೂರಿನವನ್ನ ಹಾಕಿದೀನಿ. ಮೂವತ್ತೊಂಬತ್ತು ಮನೆ."

ನಾನು ಕೇಳಲು ಕೂತೆ. ಆರು ಸೆಕೆಂಡಿಗೊಂದರಂತೆ ತೆರೆಯ ಮೇಲೆ ಬುಕಿಂಗ್ ಬರತೊಡಗಿತು. ಬಾವಿ ಮನೆ ತಾಯಮ್ಮ, ಪಿಲ್ಲಗುಂಪೆಯಿಂದ. ಎಮ್ಮೆ ಮನೆ ಮುನಿಶಾಮಪ್ಪ, ಅರಿಶಿನಕುಂಟೆಯಿಂದ. ಜಗಲಿ ಮನೆ ಪಿಳ್ಳಮ್ಮ, ರಾಜಘಟ್ಟದಿಂದ. ಹತ್ತುವ ಜಾಗ ಬೇರೆ ಬೇರೆ, ಇಳಿಯುವ ಜಾಗ ಮಾತ್ರ ಎಲ್ಲರಿಗೂ ಒಂದೇ: 'ಊರು'. ಒಂದೊಂದು ಹೆಸರು ಬಂದಾಗಲೂ ಮೇಡಂ ಅವರ ಬಾಗಿದ ಬೆರಳು ಮೇಜಿನ ಅಂಚಿನಲ್ಲಿ ಒಂದು ಹೆಜ್ಜೆ ಮುಂದಿಡುತ್ತಿತ್ತು. ಏಳನೆಯದಕ್ಕೆ ಬೆರಳು ತಡೆಯಿತು. "ಈ ಮನೆ ಬಾಗಿಲ ಸಂದೀಲೇ ಈ ಬೆರಳು ಸಿಕ್ಕಿಹಾಕ್ಕೊಂಡಿದ್ದು. ಅರಿಶಿನ ಕುಂಕುಮದ ತಟ್ಟೆ ಹಿಡ್ಕೊಂಡು ಅಕ್ಕನ ಮದುವೆಗೆ ಕರೆಯೋಕೆ ಹೋಗಿದ್ದೆ."

ಅವರ ಊರಿನಲ್ಲಿ ಕರೆಯಲು ಹೋಗುವುದಕ್ಕೊಂದು ಕ್ರಮವಿತ್ತಂತೆ. ಬಾವಿ ಮನೆಯಿಂದ ಶುರು ಮಾಡಿ, ಒಂದು ಸಾಲು ಮುಗಿಸಿ, ಎದುರು ಸಾಲಿನಲ್ಲಿ ವಾಪಸ್ಸು. ಒಂದು ಮನೆ ಹಿಂದೆ ಮುಂದೆ ಆದರೂ ಜನ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರಂತೆ.

ಮೂವತ್ತೆಂಟಕ್ಕೆ ಎಲ್ಲ ನಿಂತಿತು. ನಾನು ಎಣಿಸುತ್ತಲೇ ಇದ್ದೆ, ಎಣಿಸದೆ ಬಿಡುವ ಜಾತಿಯವನಲ್ಲ.

"ಕೊನೇದು ಬಿಟ್ಟೋಯ್ತಲ್ಲ ಮೇಡಂ. ಇದು ತಪ್ಪು ತಾನೇ?"

"ತಪ್ಪಲ್ಲ. ಮೂವತ್ತೊಂಬತ್ತಕ್ಕಿಂತ ಕಡಿಮೆ ಇರೋವರೆಗೆ ಅಂತ ಬರ್ದಿದೀನಿ. ಅಲ್ಲಿಗೇ ನಿಲ್ಲಬೇಕು."

"ಹಂಗಾದ್ರೆ ಎರಡು ಸಾವಿರಾನೂ ನನ್ನ ಹತ್ರಾನೇ ನಿಲ್ಲಬೇಕು."

ಅವರು ನನ್ನ ಮುಖವನ್ನೇ ನೋಡಿದರು. "ಹಿಡ್ಕೋಪ್ಪ. ಆದ್ರೆ ಈ ಮನೆಗಳ ಪಟ್ಟೀನ ಮಾತ್ರ ಅಳಿಸ್ಬೇಡ. ಪ್ರೋಗ್ರಾಂ ಇರೋವರೆಗೂ ಇದೂ ಅದರೊಳಗೆ ಇರ್ಲಿ."

ನನಗೆ ಖರ್ಚಿಲ್ಲದ ಮಾತು. ಒಪ್ಪಿಕೊಂಡೆ.

ಎರಡು ವರ್ಷದ ಮೇಲೆ ಅವರ ಕಿಡ್ನಿ ಕೆಟ್ಟಿತು. ವಾರಕ್ಕೆರಡು ಸಲ ನನ್ನ ಕಾರೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿತ್ತು. ಅರ್ಧ ಬಾಡಿಗೆ ತೆಗೆದುಕೊಂಡೆ. ಆಗ ಅದನ್ನೇ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಒಂದು ದಿನ ಡ್ರೈವರ್ ಹೋಗಿ ಬಾಗಿಲು ತಟ್ಟಿದಾಗ ತೆಗೆಯಲು ಯಾರೂ ಬರಲಿಲ್ಲ.

ಅದಾಗಿ ಐದು ತಿಂಗಳಿಗೆ ಹೊಸ ಕಂಪ್ಯೂಟರ್ ತಂದೆ. ಬೆಳಿಗ್ಗೆ ಪ್ರೋಗ್ರಾಂ ಜೋಡಿಸುವಾಗ ಯಾವುದನ್ನೋ ಒತ್ತುವ ಬದಲು ಇನ್ಯಾವುದನ್ನೋ ಒತ್ತಿದೆ. ತೆರೆಯ ಮೇಲೆ ಬಂತು: ಬಾವಿ ಮನೆ ತಾಯಮ್ಮ. ಎರಡನೇ ಹೆಸರು ಬರುವಷ್ಟರಲ್ಲಿ ನಿಲ್ಲಿಸಿದೆ. ಮೊದಲನೆಯದು ಆಗಲೇ ಒಂದು ಕಾರಿಗೆ ಹೋಗಿಬಿಟ್ಟಿತ್ತು. ಹೋದರೆ ಹೋಗಲಿ, ಹೆಸರು ಅವರ ಊರಿನದಾದರೂ ವಿಳಾಸ ಸುಮ್ಮನೆ ಹುಟ್ಟಿಸಿದ್ದು, ಡ್ರೈವರ್ ಹುಡುಕಿ ಸಾಕಾಗಿ ಫೋನ್ ಮಾಡುತ್ತಾನೆ ಎಂದುಕೊಂಡೆ.

ಅವನು ಫೋನ್ ಮಾಡಿದ. "ಅಣ್ಣ, ಪಿಲ್ಲಗುಂಪೆ ಟ್ರಿಪ್ಪು. ಅಜ್ಜಿ ಕಾರಲ್ಲಿ ಕೂತವ್ರೆ. ಡ್ರಾಪ್ 'ಊರು' ಅಂತ ಐತೆ. ಯಾವೂರಣ್ಣ?"

ಅಷ್ಟರಲ್ಲಿ ಅಜ್ಜಿಯೇ ಫೋನ್ ಇಸಿದುಕೊಂಡಿತು. "ಯಾರಪ್ಪಾ ಬಾವಿ ಮನೆ ಅಂತ ಕರ್ಸಿದ್ದು? ಆ ಹೆಸ್ರಲ್ಲಿ ಕರ್ದು ಎಷ್ಟು ಕಾಲ ಆಯ್ತು! ಕೊನೇ ಮನೆ ಹುಡ್ಗಿ, ಕಂಪ್ಯೂಟರ್ ಮೇಡಮ್ಮು, ಅವಳೇನಾ? ಹೋದ್ಸಲ ವಿಳಾಸ ಬರ್ಕೊಂಡು ಹೋಗಿದ್ಳು. ಬತ್ತೀನಿ, ಬತ್ತೀನಿ. ಏನ್ ಕಾರ್ಯ?"

ಕಾಂಪೌಂಡಿನ ಪಕ್ಕದ ರಸ್ತೆಗೆ ಕರೆದುಕೊಂಡು ಬಾ ಎಂದು ಡ್ರೈವರ್‌ಗೆ ಹೇಳಿ ನಾನೂ ಹೊರಟೆ.

ಅಜ್ಜಿ ಒಗೆದ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿತ್ತು. ಕಾರಿಂದ ಇಳಿದು ತಂತಿ ಬೇಲಿ ಹಿಡಿದು ನಿಂತಿತು. ಮೇಡಂ ಹೋಗಿ ಐದು ತಿಂಗಳಾಯಿತು ಎಂದೆ. ಅದು ಬಾಯಿ ತೆರೆಯುವಷ್ಟರಲ್ಲಿ ವಿಮಾನವೊಂದು ಇಳಿಯಿತು. ಸದ್ದು ಅಡಗುವವರೆಗೂ ತುಟಿ ಹಾಗೇ ತೆರೆದಿತ್ತು. ಆಮೇಲೆ ಹೇಳಿತು: "ಹಂಗಾರೆ ಅವಳ ಕಾರ್ಯಕ್ಕೇ ಕರ್ದವ್ಳೆ ಬಿಡು."

ಕೇಳಬಾರದಿತ್ತೇನೋ, ಆದರೂ ಕೇಳಿದೆ. "ಅಜ್ಜಿ, ಮೂವತ್ತೊಂಬತ್ತು ಮನೆ ಅಂತಿದ್ರು. ಮೂವತ್ತೆಂಟೇ ಬರ್ತವೆ. ಆ ಒಂದು ಯಾವುದು?"

ಅಜ್ಜಿ ಬಯಲಿನ ಕಡೆ ಬೆರಳು ಚಾಚಿ, ಇಲ್ಲದ ಬೀದಿಯಲ್ಲಿ ಒಂದು ಸಾಲು ಹೋಗಿ ಇನ್ನೊಂದು ಸಾಲಿನಲ್ಲಿ ಬಂತು. "ಅವಳದ್ದೇ ಕಣಪ್ಪ, ಬಾವಿ ಎದುರಿನ ಮನೆ. ಕರ್ಯಾಕೆ ಹೋದೋಳು ತನ್ನ ಬಾಗ್ಲಲ್ಲಿ ನಿಂತ್ಕೊಂಡು ತನ್ನನ್ನ ತಾನೇ ಕರೀತಾಳಾ? ತಟ್ಟೆ ಒಳಗಿಟ್ಟು ಸುಮ್ಕಾಯ್ತಾಳೆ."

ವಾಪಸ್ಸು ಬರುವಾಗ ಕಾರು ನಾನೇ ಓಡಿಸಿದೆ. ಅಜ್ಜಿಯನ್ನು ಪಿಲ್ಲಗುಂಪೆಯ ಮನೆಗೆ ಬಿಟ್ಟು, ಮೇಡಂ ಹತ್ತಿರ ಕಲಿತಿದ್ದ ಒಬ್ಬಳನ್ನು ಆಫೀಸಿಗೆ ಕರೆಸಿದೆ. ಅವಳು ನೋಡಿ ಹೇಳಿದಳು: "ಪಟ್ಟೀಲಿ ಮೂವತ್ತೊಂಬತ್ತನೇದೂ ಇದೆ ಸಾರ್. ಲೂಪ್ ಅದಕ್ಕಿಂತ ಒಂದು ಮುಂಚೆ ನಿಲ್ಲುತ್ತೆ ಅಷ್ಟೇ. 'ಕಡಿಮೆ' ಅನ್ನೋದರ ಪಕ್ಕ 'ಅಥವಾ ಸಮ' ಅಂತ ಒಂದು ಚಿಹ್ನೆ ಸೇರಿಸಿದ್ರೆ ಬರುತ್ತೆ. ಸೇರಿಸ್ಲಾ?"

ಅವರು ನಿಲ್ಲಬೇಕು ಎಂದ ಜಾಗ ಅದು. ಆದರೆ ಈಗ ಕರೆಯುವವನು ನಾನು. ಕರೆಯುವವನು ಬೇರೆಯಾದ ಮೇಲೆ ಆ ಮನೆಯನ್ನು ಬಿಡುವಂತಿಲ್ಲ. ಸೇರಿಸು ಎಂದೆ.

ಈಗ ಆ ಸ್ಟ್ರೀಮು ಬೇರೆ ಕಂಪ್ಯೂಟರಿನಲ್ಲಿದೆ, ಕಾರುಗಳಿಗೆ ಸಂಬಂಧವಿಲ್ಲ. ಆಗಾಗ ಹೋಗಿ ಕೂರುತ್ತೇನೆ. ಕೂತರೆ ಬಾವಿ ಮನೆಯಿಂದ ಶುರುವಾಗುತ್ತದೆ. ಮೂವತ್ತೊಂಬತ್ತಕ್ಕೆ ಮೇಡಂ ಅವರ ಹೆಸರು ಬರುತ್ತದೆ. ಹತ್ತುವ ಜಾಗವನ್ನು ಅವರು ಖಾಲಿ ಬಿಟ್ಟಿದ್ದಾರೆ. 'ಹತ್ತಿರದ ಕಾರು ಹುಡುಕಲಾಗುತ್ತಿದೆ' ಎಂಬ ಸಾಲು ನಾನು ಎದ್ದು ಹೋಗುವವರೆಗೂ ತೆರೆಯ ಮೇಲೆ ಮಿನುಗುತ್ತಲೇ ಇರುತ್ತದೆ.

ನಿಮಗೆ ಹೇಳುವುದಿಷ್ಟು. ಪರೀಕ್ಷೆಗೆ ಹುಟ್ಟಿಸಿದ ಹರಿವನ್ನು ನಿಜವಾದ ಬುಕಿಂಗಿನ ಪಕ್ಕ ಇಡಬೇಡಿ. ನಿಲ್ಲುವ ಜಾಗ ಮೊದಲು ಬರೆಯಿರಿ, ಏಕೆ ನಿಲ್ಲುತ್ತದೆ ಎಂದೂ ಅದರ ಪಕ್ಕದಲ್ಲೇ ಒಂದು ಸಾಲು ಬರೆದಿಡಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ. ನಾನು ಈಗಲೂ ಮಾಡುತ್ತೇನೆ. ಆದರೆ ಎಣಿಕೆಯಲ್ಲಿ ಒಂದು ಕಡಿಮೆ ಬಂದರೆ, ಹಣ ಮುರಿಯುವ ಮುಂಚೆ ಆ ಒಂದು ಯಾರದ್ದು ಎಂದು ಕೇಳಿ. ಹೇಳುವವರು ಮೇಜಿನ ಆ ಕಡೆ ಕೂತಿರುವಾಗಲೇ ಕೇಳಿ.