ನಾರಾಯಣಪ್ಪ ಮಾವನ ಸಮೋಸ ಇಂಜಿನ್ನು

ಮೊನ್ನೆ ಹೊಸೂರು ಬಳಿಯ ಅವಲಪಲ್ಲಿಯ ತಿರುವಿನಲ್ಲಿ ಹಳೆಯ ಟೆಂಪೊವೊಂದು ಸುಟ್ಟ ಆಯಿಲ್ಲಿನ ಹೊಗೆಯನ್ನು ನನ್ನ ಮುಖಕ್ಕೇ ಊದಿತು. ನೀವಾಗಿದ್ದರೆ ಬೈದುಕೊಂಡು ಮೂಗು ಮುಚ್ಚುತ್ತಿದ್ದಿರಿ. ನಾನು ಮಾತ್ರ ಹಬ್ಬದ ಅಡುಗೆಮನೆಯ ಮುಂದೆ ನಿಂತವನಂತೆ ಮೂಗರಳಿಸಿದೆ. ನಾರಾಯಣಪ್ಪ ಮಾವ ನೆನಪಾದ.

ಮಾವ ನನ್ನ ತಾಯಿಯ ತಮ್ಮ. ಗುಮ್ಮಳಾಪುರದಲ್ಲಿ ಗುಲಾಬಿ ಬೆಳೆಯುತ್ತಾನೆ. ಕೆಲವು ವರ್ಷಗಳ ಹಿಂದೆ ಹೂ ಸಾಗಿಸಲು ಗಾಡಿ ತರುತ್ತೇನೆಂದು ಬೆಂಗಳೂರಿಗೆ ಹೋದವನು ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಂಥ, ಹಳೆಯ ಜಪಾನು ಕಾರೊಂದನ್ನು ತಂದ. ಅದರಲ್ಲಿ ಹೂವಿನ ಬುಟ್ಟಿ ಹೋಗಲಿ, ನಮ್ಮ ಅತ್ತೆಯೇ ಹಿಡಿಸುತ್ತಿರಲಿಲ್ಲ. "ಇದ್ರಲ್ಲಿ ಪಿಸ್ಟನ್ನೇ ಇಲ್ಲ ಕಣ್ಲಾ. ಸಮೋಸದಂಗೆ ಮೂರು ಮೂಲೇದು ಒಂದೈತೆ, ಗಿರಗಿರ ತಿರುಗ್ತದೆ, ಅಷ್ಟೇಯ," ಎಂದ ಮಾವ. ಇಂಜಿನ್ನಿನ ವಿಷಯದಲ್ಲಿ ನನ್ನ ಜ್ಞಾನ ಬಾನೆಟ್ ಎತ್ತುವುದರಲ್ಲೇ ಮುಗಿಯುತ್ತದೆ. ಆದರೂ ಬಲ್ಲವನಂತೆ ತಲೆದೂಗಿದೆ.

ಆ ಸಮೋಸಕ್ಕೆ ಹಸಿವು ಜಾಸ್ತಿ. ಪೆಟ್ರೋಲು ಕುಡಿಯುವುದು ಸಾಲದೆಂದು ಆಯಿಲ್ಲನ್ನೂ ಸುಡುತ್ತಿತ್ತು. ಬೇರೆ ಕಾರು ಆಯಿಲ್ ಸುಟ್ಟರೆ ರೋಗ. ಇದಕ್ಕೆ ಅದೇ ಆರೋಗ್ಯವಂತೆ, ಮೂಲೆಗಳ ಸೀಲು ಬೇಗ ಸವೆಯದಿರಲು ಆಯಿಲ್ಲು ಒಳಗೆ ಹೋಗಿ ಉರಿಯಲೇಬೇಕಂತೆ. ಕಿರುಚುವಷ್ಟು ಆಕ್ಸಿಲರೇಟರ್ ಒತ್ತದೆ ದಿಬ್ಬ ಹತ್ತದು. ಅದು ದಿಬ್ಬ ಹತ್ತಿದರೆ ಊರಿನ ಎಮ್ಮೆಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಇನ್ನೂ ದೊಡ್ಡ ಚಾಳಿಯೆಂದರೆ, ಸ್ಟಾರ್ಟ್ ಮಾಡಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಒಳಗೆಲ್ಲ ಪೆಟ್ರೋಲು ತುಂಬಿಕೊಂಡು ಮತ್ತೆ ಏಳುತ್ತಿರಲಿಲ್ಲ. ಆಗ ಬೀದಿಯವರೆಲ್ಲ ಸೇರಿ ತಳ್ಳಬೇಕು. ಎತ್ತು ತಂದಿದ್ದರೆ ಸಗಣಿಯಾದರೂ ಹಾಕುತ್ತಿತ್ತು ಎಂದು ಅತ್ತೆ ಗೊಣಗುತ್ತಿದ್ದಳು.

ಮಾವನ ಮಗಳು ಶೋಭಾಳನ್ನು ನೋಡಲು ಕೃಷ್ಣಗಿರಿಯಿಂದ ಗಂಡಿನವರು ಬಂದ ದಿನ ನಾನೂ ಅಲ್ಲಿದ್ದೆ. ಹುಡುಗ ರಮೇಶ ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಂಜಿನ್ ಜೋಡಿಸುವವನು. ಅವರ ವ್ಯಾನು ಅಂಗಳಕ್ಕೆ ಬರಲೆಂದು ಮಾವ ಕಾರನ್ನು ಹೊರತಂದು, ವ್ಯಾನು ಒಳಹೋದ ಮೇಲೆ ಗೇಟಿಗೆ ಅಡ್ಡಲಾಗಿ ನಿಲ್ಲಿಸಿ, ಸಂಭ್ರಮದಲ್ಲಿ ಆಫ್ ಮಾಡಿಬಿಟ್ಟ.

ಕಾಫಿ ಮುಗಿಯಿತು. ಹುಡುಗನ ತಂದೆ ಆಮೇಲೆ ತಿಳಿಸುತ್ತೇವೆಂದು ಎದ್ದರು. ಆ ಮಾತಿನ ಅರ್ಥ ನಿಮಗೂ ಗೊತ್ತು. ಅತ್ತೆಯ ಮುಖ ಸಣ್ಣದಾಯಿತು. ರಾಹುಕಾಲ ಶುರುವಾಗುವ ಮೊದಲೇ ಹೊರಡಬೇಕೆಂದು ಅವರಿಗೆ ಅವಸರ. ಮಾವ ಕೀ ತಿರುಗಿಸಿದ. ಕಾರು ಕೆಮ್ಮಿತೇ ಹೊರತು ಏಳಲಿಲ್ಲ.

ಆಗ ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಶೋಭಾ ಬಂದಳು. ಅಪ್ಪನನ್ನು ಇಳಿಸಿ ತಾನೇ ಸ್ಟೀರಿಂಗ್ ಹಿಡಿದಳು. "ನೀವೂ ಒಂದ್ ಕೈ ಹಾಕಿ. ನಾನ್ ಹೇಳೋಗಂಟ ನಿಲ್ಲಿಸ್ಬ್ಯಾಡಿ," ಎಂದು ರಮೇಶನಿಗೇ ಹೇಳಿದಳು. ನಾವು ತಳ್ಳಿದೆವು. ಢಮ್ಮೆಂದು ಸದ್ದಾಗಿ, ಹಿಂದಿನ ಕೊಳವೆಯಿಂದ ಬೆಂಕಿ ಚಿಮ್ಮಿ, ಹುಡುಗನ ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಮಸಿಯಾಯಿತು. ಕಾರೇನೋ ಎದ್ದಿತು, ಅತ್ತೆ ಹಣೆ ಚಚ್ಚಿಕೊಂಡಳು.

ರಮೇಶ ಕಿಟಕಿಯ ಬಳಿಗೆ ಹೋಗಿ, "ಸೀಲ್ ಹೋಗೈತೆ ಅಲ್ವಾ?" ಎಂದ.

"ಹೋಗಿ ವರ್ಷಾತು. ಅಪ್ಪಂಗೆ ಹೇಳಿಲ್ಲ. ಬೇಜಾರು ಮಾಡ್ಕೊಂತದೆ," ಎಂದಳು ಶೋಭಾ.

ಅವನು ನಕ್ಕ. ಬಾನೆಟ್ ಎತ್ತಿಸಿದ. ಇಬ್ಬರೂ ಅದರೊಳಗೆ ತಲೆ ಹಾಕಿ ಮಾತಾಡುತ್ತಿರುವಾಗಲೇ ರಾಹುಕಾಲ ಬಂದು ಕೂತಿತು. ಇನ್ನು ಹೊರಡುವಂತಿಲ್ಲ. ಬೀಗರು ಊಟಕ್ಕೆ ಉಳಿದರು. ಎಲೆ ಎತ್ತುವ ಮೊದಲೇ ಮದುವೆಯ ಮಾತೂ ಮುಗಿಯಿತು.

ಅಳಿಯನಾದ ಮೇಲೆ ರಮೇಶ ಮಾವನ ಮನವೊಲಿಸಿ ಆ ಕಾರನ್ನು ಸಾಗಹಾಕಿಸಿ, ಎಲ್ಲರ ಮನೆಯಲ್ಲಿರುವಂಥ ಕಾರೊಂದನ್ನು ಕೊಡಿಸಿದ.

ಮೊನ್ನೆ ಆ ಹೊಗೆ ಕುಡಿದವನು ಹಾಗೇ ಗುಮ್ಮಳಾಪುರಕ್ಕೆ ಹೋದೆ. ಮಾವ ಹೊಸ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಸುಮ್ಮನೆ ಬೀದಿ ನೋಡುತ್ತಿದ್ದ. "ಇದು ಕೀ ತಿರುಗ್ಸಿದ್ರೆ ಹೊಂಟೋಯ್ತದೆ. ಒಬ್ರೂ ಮಾತಾಡ್ಸಾಕಿಲ್ಲ ಕಣ್ಲಾ," ಎಂದ. ಗೇರು ಬಿಡಿಸಿ, "ಇಳಿದು ಒಂಚೂರು ತಳ್ಲಾ," ಎಂದ.

ಇಳಿದು ತಳ್ಳಿದೆ. ಎರಡು ಮನೆ ದಾಟುವುದರೊಳಗೆ ಅಕ್ಕಪಕ್ಕದವರು ಲುಂಗಿ ಎತ್ತಿಕಟ್ಟಿ ಬಂದು ಕೈಹಾಕಿದರು. ಮಾವ ಕಿಟಕಿಯಿಂದ ತಲೆ ಹೊರಹಾಕಿ ಒಬ್ಬೊಬ್ಬರ ಮನೆಯ ಯೋಗಕ್ಷೇಮ ಕೇಳತೊಡಗಿದ. ಕಾರಿಗೆ ಏನಾಗಿದೆಯೆಂದು ಯಾರೂ ಕೇಳಲಿಲ್ಲ. ನಾನೂ ಹೇಳದೆ ಇನ್ನಷ್ಟು ಜೋರಾಗಿ ತಳ್ಳಿದೆ.