ಅಡಕೊತ್ತು ಹಿಡಿದವರ ಸರದಿ

ಅಂಬಿಕಾ ಸುಮ್ಮನೆ ಕೂತಿದ್ದಾಳೆ ಎಂದು ಹರಿಹರದ ಆ ಮನೆಯವರಿಗೆ ಅನ್ನಿಸುತ್ತಿದ್ದ ಹೊತ್ತಿನಲ್ಲೇ ಅವಳು ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದ್ದಳು. ಕಸ ಗುಡಿಸುವವಳ ಕೈಯಲ್ಲಿ ಪೊರಕೆ ಕಾಣುತ್ತದೆ. ಯೋಚಿಸುವವಳ ಕೈಯಲ್ಲಿ ಕಾಣುವುದು ಒಂದು ಪೆನ್ನು, ಅದೂ ಅಲುಗಾಡುತ್ತಿರಲಿಲ್ಲ.

ಅದು ೧೯೯೯. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಅವಳು ಎಂ.ಇ. ಪ್ರಬಂಧ ಬರೆಯುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿದು, ಗಂಡನ ಡಬ್ಬಿ ಕಟ್ಟಿ, ಎಂಟೂಕಾಲರ ಬಸ್ಸು ಹಿಡಿದು, ನಿಂತುಕೊಂಡೇ ಓದುತ್ತಿದ್ದಳು. ವಿಷಯ, ಅಲ್ಟ್ರಾ ವೈಡ್ ಬ್ಯಾಂಡ್ ಎಂಬ ಹೊಸ ಬಗೆಯ ನಿಸ್ತಂತು. ಸಾಮಾನ್ಯ ನಿಸ್ತಂತು ಯಂತ್ರ ಬೇರೆ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಮೊದಲು ಕಿವಿಗೊಟ್ಟು, ಆಮೇಲೆ ತಾನು ಮಾತಾಡಬಹುದು. ಇಲ್ಲಿ ಸಂಕೇತಗಳು ಎಷ್ಟು ಚುಟುಕು, ಎಷ್ಟು ಮೆಲ್ಲಗೆಂದರೆ ಗದ್ದಲದಡಿ ಮುಚ್ಚಿಹೋಗುತ್ತವೆ. ಕಿವಿಗೊಟ್ಟವರಿಗೆ ದಾರಿ ಖಾಲಿ ಎನಿಸುತ್ತದೆ. ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಯಾರ ಮಾತೂ ತಲುಪುವುದಿಲ್ಲ. ಇದಕ್ಕೊಂದು ಸರದಿಯ ಕ್ರಮ ಬೇಕಿತ್ತು. ಸರದಿ ಚೀಟಿ ಕೈಗೆ ಬಂದ ಯಂತ್ರ ಮಾತ್ರ ಮಾತಾಡಿ, ಚೀಟಿಯನ್ನು ಮುಂದಿನದಕ್ಕೆ ದಾಟಿಸಬೇಕು ಎಂಬುದು ಅವಳ ಉಪಾಯ.

ಮಾರ್ಗದರ್ಶಕರಾದ ಬಕ್ಕೇಶ್ ಸರ್ ಖಡಾಖಂಡಿತವಾಗಿ ಹೇಳಿದ್ದರು: "ಸರದಿ ಚೀಟಿ ಒಬ್ಬರಿಂದ ಒಬ್ಬರಿಗೆ ಹೋಗ್ತೈತೆ ಅಂದ್ರಿ, ಸರಿ. ಚೀಟಿ ಹಿಡಿದವನೇ ಕಾಣೆಯಾದ್ರೆ? ಆ ಅಧ್ಯಾಯ ಸೋಮವಾರ ನನ್ನ ಮೇಜಿನ ಮೇಲೆ ಇರ್ಬೇಕು. ಇಲ್ಲಾಂದ್ರೆ ಮುಂದಿನ ವರ್ಷ ನೋಡೋಣ."

ಅವಳು ಕೂರುತ್ತಿದ್ದ ನಡುಮನೆಗೆ ಬಾಗಿಲಿರಲಿಲ್ಲ, ಪರದೆಯಿತ್ತು. ಬುಧವಾರ ಮಾವ ಬೋರಣ್ಣ ಕಾಫಿಗೆ, ಅತ್ತೆ ಉಚ್ಚೆಂಗೆಮ್ಮ ಮಜ್ಜಿಗೆಗೆ, ಗಂಡ ಅರುಣ್ ಕುಮಾರ್ ಕಾಲುಚೀಲಕ್ಕೆ ಒಂದೇ ಹೊತ್ತಿಗೆ ಕೂಗಿದರು. ಕಾಫಿಗೆ ಉಪ್ಪು, ಮಜ್ಜಿಗೆಗೆ ಸಕ್ಕರೆ ಬಿತ್ತು. ಕಾಲುಚೀಲ ಅರುಣ್ ಕೂತ ಕುರ್ಚಿಯ ಮೇಲೇ ಇತ್ತು.

ಉಪ್ಪಿನ ಕಾಫಿ ಕುಡಿದ ಮಾವ ಮೆತ್ತಗಾಗಿದ್ದಾಗಲೇ ಅಂಬಿಕಾ ಅವರ ಅಡಿಕೆ ಕತ್ತರಿಸುವ ಅಡಕೊತ್ತನ್ನು ತಂದು ನಡುವೆ ಇಟ್ಟಳು.

"ಇದು ಕೈಯಾಗೆ ಇದ್ದೋರು ಮಾತ್ರ ನನ್ನ ಕೂಗ್ಬೇಕು. ಒಂದು ಕೆಲಸ ಹೇಳಿ ಇನ್ನೊಬ್ರಿಗೆ ಕೊಡ್ಬೇಕು."

"ಇದೇನು ಆಟ?" ಎಂದ ಅರುಣ್.

"ಆಟ ಅಲ್ಲ ಕಣೋ, ಕಾಯ್ದೆ," ಎಂದರು ಉಚ್ಚೆಂಗೆಮ್ಮ. ಕಾಯ್ದೆ ಎಂದರೆ ಅವರಿಗೆ ಪ್ರೀತಿ. ಮುರಿದವರನ್ನು ಹಿಡಿಯುವುದೆಂದರೆ ಇನ್ನೂ ಪ್ರೀತಿ. ಮೂರು ದಿನದಲ್ಲಿ ಮಗನನ್ನು ಆರು ಸಲ ಹಿಡಿದರು.

ಆದರೂ ಕರೆಗಳೇನೂ ಕಡಿಮೆಯಾಗಲಿಲ್ಲ, ಸಾಲಾಗಿ ಬಂದವು, ಅಷ್ಟೆ. ಶನಿವಾರ ಹದಿನಾಲ್ಕು. ಅದರಲ್ಲಿ ಒಂಬತ್ತು "ಎಲ್ಲೈತೆ?" ಎಂದೇ ಶುರುವಾಗಿದ್ದವು. ಅಧ್ಯಾಯ ಮಾತ್ರ ಒಂದು ಪುಟವೂ ಮುಂದೆ ಹೋಗಲಿಲ್ಲ.

ಭಾನುವಾರ ಎಂಟಕ್ಕೆ ಬೋರಣ್ಣ ನೆಂಟರ ಮನೆಯ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಕಡರನಾಯಕನಹಳ್ಳಿಗೆ ಹೊರಟರು. ನಲವತ್ತು ವರ್ಷದ ರೂಢಿಯಂತೆ ಅಡಕೊತ್ತನ್ನು ಎಲೆಯಡಿಕೆಯ ಸಂಚಿಗೆ ಹಾಕಿಕೊಂಡೇ ಬಸ್ಸು ಹತ್ತಿದರು.

ಒಂಬತ್ತಕ್ಕೆ ಅರುಣ್ ಪರದೆಯ ಹತ್ತಿರ ಬಂದ. ಉಚ್ಚೆಂಗೆಮ್ಮ ಅಡ್ಡ ನಿಂತರು.

"ಅಡಕೊತ್ತು?"

"ಅಪ್ಪ ತಗಂಡ್ ಹೋಗ್ಯಾನೆ."

"ಹಂಗಾದ್ರೆ ಕೂಗೋಂಗಿಲ್ಲ."

"ಅವ್ವಾ, ಹಸಿವು!"

"ನನಗೂ ಐತೆ. ನಾನೇನ್ ಕೂಗಿದ್ನಾ?"

ಅರುಣ್ ಹೊರಗೆ ಹೋಗಿ ಹತ್ತು ನಿಮಿಷಕ್ಕೆ ವಾಪಸು ಬಂದ. ಕೈಯಲ್ಲಿ ಅಡಕೊತ್ತು. ಪಕ್ಕದ ಮನೆಯ ಮೌಲಾ ಸಾಬರದ್ದು.

ಉಚ್ಚೆಂಗೆಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ಸಾಬರ ಮನೇದು. ಇದನ್ನ ಹಿಡಕಂಡ್ರೆ ಅವರ ಸೊಸೆನ್ನ ಕೂಗ್ಬೇಕು. ಹೋಗಿ ಕೂಗು, ಅವರ ಅತ್ತೆ ಏನಂತಾಳೆ ನೋಡನ."

ಪರದೆಯೊಳಗೆ ಅಂಬಿಕಾ ಸೆರಗು ಬಾಯಿಗೊತ್ತಿ ನಕ್ಕಳು. ಆಮೇಲೆ ನಗು ನಿಂತಿತು. ಹಾಳೆ ಎಳೆದುಕೊಂಡಳು. ಪ್ರತಿ ಚೀಟಿಗೂ ಒಂದು ಗುರುತು ಬೇಕು. ಗುರುತು ತಪ್ಪಿದ್ದನ್ನು ಯಾರೂ ಒಪ್ಪಬಾರದು. ನಿಗದಿತ ಹೊತ್ತು ಕಾದರೂ ಚೀಟಿ ಬಾರದಿದ್ದರೆ, ಜಾಲದಲ್ಲಿ ಅತಿ ಚಿಕ್ಕ ಕ್ರಮಸಂಖ್ಯೆಯ ಯಂತ್ರ ಹೊಸ ಗುರುತಿನ ಚೀಟಿ ಹುಟ್ಟಿಸಬೇಕು. ಹಳೆಯದು ಆಮೇಲೆ ಬಂದರೆ ಅದಕ್ಕೆ ಬೆಲೆಯಿಲ್ಲ. ಪೆನ್ನು ಈಗ ಎಲ್ಲರಿಗೂ ಕಾಣುವಂತೆ ಓಡಿತು.

ಅಡುಗೆಮನೆಯಿಂದ ಡಬ್ಬಿಗಳ ಸದ್ದು ಬಂತು. "ರವೆ ಎಲ್ಲೈತವ್ವಾ?" "ಕಣ್ಣಿನ ಮುಂದ." ಸಾಸಿವೆ ಸಿಡಿಯಿತು, ಅರುಣ್ ಚೀರಿದ. ಮಧ್ಯಾಹ್ನ ಒಂದು ಗಂಟೆಗೆ ಅಂಬಿಕಾ ತಾನಾಗಿಯೇ ಎದ್ದು ಬಂದಳು. ಬಾಣಲೆಯಲ್ಲಿ ತಳ ಹಿಡಿದ ಉಪ್ಪಿಟ್ಟಿತ್ತು. ಅದನ್ನು ತಟ್ಟೆಗೆ ಹಾಕಿಕೊಂಡು, "ಚೆನ್ನಾಗೈತ್ರಿ," ಎಂದು ಹೇಳಿ ಮತ್ತೆ ಪರದೆಯೊಳಗೆ ಹೋದಳು. ಮದುವೆಯಾದ ಆರು ವರ್ಷದಲ್ಲಿ ಅವಳು ಗಂಡನಿಗೆ ಹೇಳಿದ ಅತಿ ದೊಡ್ಡ ಸುಳ್ಳು ಅದು.

ಕಳೆದುಹೋದ ಚೀಟಿಗೆ ಪರಿಹಾರ ಹನ್ನೊಂದು ಪುಟವಾಯಿತು. ಆ ಪರಿಹಾರ ಇದೆಯೆಂಬುದನ್ನು ಮಾತ್ರ ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಐದು ಗಂಟೆಗೆ ಬೋರಣ್ಣ ಬಂದು, ಸಂಚಿ ಬಿಚ್ಚಿ, "ಅಂಬಿಕವ್ವಾ, ಒಂದು ಲೋಟ ಕಾಫಿ," ಎಂದಾಗ ಅವಳು ಕೊನೆಯ ಹಾಳೆಗೆ ಗುಂಡುಪಿನ್ನು ಚುಚ್ಚುತ್ತಿದ್ದಳು.

ಸೋಮವಾರ ಬಕ್ಕೇಶ್ ಸರ್ ಎರಡು ಸಲ ಓದಿದರು.

"ನಮ್ಮ ಕಾಲೇಜ್ನಾಗೆ ಇಂಥ ಯಂತ್ರ ಒಂದೂ ಇಲ್ಲ ಮೇಡಂ. ಚೀಟಿ ಕಳೆದ್ರೂ ಜಾಲ ಕುಸಿಯಲ್ಲ ಅಂತ ಹೆಂಗೆ ಇಷ್ಟು ಧೈರ್ಯದಿಂದ ಬರೆದ್ರಿ?"

"ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ನೋಡೀನಿ ಸರ್. ಯಾರೂ ಸಾಯ್ಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಸಹಿ ಮಾಡಿದರು.