ಸುಣ್ಣ ಹಚ್ಚಿದ ಐದನೆಯ ಕಲ್ಲು

ಹುಮನಾಬಾದಿನ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನಾನು ವರ್ಷದ ಕೊನೆಗೆ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಆ ವರ್ಷ ಜಗತ್ತಿನಲ್ಲಿ ಎಲ್ಲೆಲ್ಲಿ ಏನೇನು ಅಗೆದು ತೆಗೆದರೋ ಆ ಸುದ್ದಿಗಳನ್ನೆಲ್ಲ ಪೇಪರಿನಿಂದ ಕತ್ತರಿಸಿ ದಪ್ಪ ನೋಟ್‌ಬುಕ್ಕಿಗೆ ಅಂಟಿಸುತ್ತೇನೆ. ಹೋದ ವರ್ಷದ ಪುಟಗಳಲ್ಲಿ ಈಜಿಪ್ಟಿನ ರಾಜನ ಗೋರಿ, ಪೆರುವಿನ ಹಳೆಯ ಊರು, ಪಾಂಪೇಯ ಸ್ನಾನದ ಮನೆ. ಅಂಟಿಸುವಾಗ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ? ನನ್ನ ಕೈಗೂ ಏನಾದರೊಂದು ಸಿಗಬಾರದೇ, ಒಡೆದ ಗಡಿಗೆಯ ಚೂರಾದರೂ ಸರಿ ಎಂದು ಇಪ್ಪತ್ತು ವರ್ಷ ಹಂಬಲಿಸಿದ್ದೇನೆ.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಜೋಳದ ದಂಟಿನ ಕೊಂಪೆಯೊಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ಉಣ್ಣುತ್ತೇವೆ. ರಾಜೇಶ್ವರದ ಹತ್ತಿರದ ನಮ್ಮ ಹೊಲದಲ್ಲಿರುವವು ಅಪ್ಪನ ಕಾಲದ ಕಲ್ಲುಗಳು. ವರ್ಷಾ ವರ್ಷ ಸುಣ್ಣ ಹಚ್ಚುವ ಪಾಳಿ ನನ್ನದೇ. ಹೋದ ಸಲ, ಬಸವಕಲ್ಯಾಣದಿಂದ ನಮ್ಮ ಶಾಲೆಗೆ ಬಂದುಹೋಗುವ ಹೊಸ ಡ್ರಾಯಿಂಗ್ ಟೀಚರನ್ನೂ ಊಟಕ್ಕೆ ಕರೆದಿದ್ದೆ. ಕುಂಕುಮ ಹಚ್ಚಲು ಬಗ್ಗಿದ ಆಕೆಯ ಕೈ ಐದನೆಯ ಕಲ್ಲಿನ ಮೇಲೆ ನಿಂತಿತು. ಅಲ್ಲಿ ಸುಣ್ಣದ ಪದರು ಎದ್ದಿತ್ತು.

“ಸರ್, ಇದರ ಮ್ಯಾಲ ಅಕ್ಷರ ಅದಾವ್ರಿ.”

ನೇಗಿಲು ಬಡಿದ ಗೀರು ಅದು, ಸುಮ್ಮನೆ ಉಣ್ಣಿರಿ ಎಂದೆ. ಗೀರು ಅಷ್ಟು ಸಾಲಾಗಿ ಇರುವುದಿಲ್ಲವೆಂದು ನನಗೆ ಗೊತ್ತಿತ್ತು. ನಾಳೆ ಒಬ್ಬನೇ ಬಂದು ನೋಡಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಆದರೆ ನಮ್ಮಣ್ಣ ತಂಬಿಗೆ ನೀರು ತಂದು ಆಕೆಯ ಕೈಗೇ ಕೊಟ್ಟ! ಆಕೆ ಸೆರಗು ತೋಯಿಸಿ ಒರೆಸುತ್ತ ಹೋದಂತೆ ಹಳಗನ್ನಡದ ಮೂರು ಸಾಲು ಕಾಣಿಸಿದವು.

ವಾರದೊಳಗೆ ಪೇಪರಿನಲ್ಲಿ ಆಕೆಯ ಫೋಟೋ ಬಂತು. ಕಲ್ಲನ್ನು ಬಸವಕಲ್ಯಾಣದ ಮ್ಯೂಸಿಯಮ್ಮಿಗೆ ಒಯ್ದರು. ಸುಣ್ಣ ಮೆತ್ತಿದ್ದರಿಂದಲೇ ಅಕ್ಷರ ಉಳಿದಿವೆ, ಎಲ್ಲ ಸರ್ ಮನೆಯವರ ಪುಣ್ಯ ಎಂದು ಆಕೆ ಪೇಪರಿನವರಿಗೆ ಹೇಳಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಹೊಗಳಿಕೆ ನನ್ನನ್ನು ಸುಟ್ಟಿತು. ಸ್ಟಾಫ್ ರೂಮಿನಲ್ಲಿ ಪೇಡಾ ಹಂಚಿದಾಗ ನನಗೆ ಶುಗರ್ ಎಂದು ಸುಳ್ಳು ಹೇಳಿದೆ. ಆ ಸುದ್ದಿಯನ್ನು ಕತ್ತರಿಸಿಟ್ಟೆ, ನೋಟ್‌ಬುಕ್ಕಿಗೆ ಅಂಟಿಸಲು ಮನಸ್ಸು ಬರಲಿಲ್ಲ. ಉಳಿದ ನಾಲ್ಕು ಕಲ್ಲುಗಳನ್ನಂತೂ ಊಟವಾದ ಮರುದಿನವೇ ಗುಟ್ಟಾಗಿ ಕೆರೆದು ನೋಡಿದ್ದೆ.

ಈ ಸಲ ಅಮಾವಾಸ್ಯೆಗೆ ಪಾಂಡವರು ನಾಲ್ವರೇ. ಹಳ್ಳದಿಂದ ಒಂದು ಕಲ್ಲು ತಂದೆ. ಸುಣ್ಣ ಹಚ್ಚುವ ಮೊದಲು ಅದನ್ನು ತಿಕ್ಕಿ ತೊಳೆದು, ಬಿಸಿಲಿಗೆ ಓರೆಯಾಗಿ ಹಿಡಿದು, ನಾಲ್ಕೂ ಮಗ್ಗಲು ಬೆರಳಾಡಿಸಿದೆ. ಅಣ್ಣ ನೋಡುತ್ತಲೇ ಇದ್ದ.

“ಆ ಕಲ್ಲ ಒಮ್ಮೆರ ಹಿಂಗ ತೊಳ್ದಿದ್ದೇನೋ?” ಎಂದ.

ನಾನು ಸುಣ್ಣ ಹಚ್ಚತೊಡಗಿದೆ.